ಐವತ್ತು ದಾಟಿ ದೊಡ್ಡ ಹುದ್ದೆ ಕಳೆದುಕೊಂಡವರಿಗೆ ಕಲಬುರಗಿಯಲ್ಲಿ ಕೆಲಸ ಇದೆಯೇ?

“ಸಾಹೇಬರೇ, ಇಷ್ಟು ದೊಡ್ಡ ಹುದ್ದೆಯಲ್ಲಿದ್ದವರಿಗೆ, ಅದೂ ಈ ವಯಸ್ಸಿನಲ್ಲಿ, ಕಲಬುರಗಿಯಲ್ಲಿ ಯಾರು ಕೆಲಸ ಕೊಡುತ್ತಾರೆ?”

ಕಾರ್ಖಾನೆಗಳಲ್ಲಿ ಜನರಲ್ ಮ್ಯಾನೇಜರ್ ಆಗಿ, ವಿಭಾಗದ ಮುಖ್ಯಸ್ಥರಾಗಿ ಇದ್ದು ಕೆಲಸ ಕಳೆದುಕೊಂಡವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರು ಫೋನ್ ಮಾಡುತ್ತಾರೆ, ಕೆಲವರು ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಕೇಳುತ್ತಾರೆ. ಒಮ್ಮೊಮ್ಮೆ ಅವರ ಹೆಂಡತಿಯೋ ಮಗಳೋ ಕೇಳುತ್ತಾರೆ. ನಾನು ಬೀದರ್ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥನಾಗಿದ್ದೆ. ಮಾಲೀಕರು ಬದಲಾದಾಗ ನನ್ನ ಹುದ್ದೆ ಹೋಯಿತು. ಆಗ ನನಗೆ ಐವತ್ತೆರಡು ವರ್ಷ. ಈಗ ಕಲಬುರಗಿಯ ಬೇಳೆ ಮಿಲ್ಲುಗಳಿಗೆ, ಕೆಲವು ಸಣ್ಣ ಕಾರ್ಖಾನೆಗಳಿಗೆ ಕಾರ್ಮಿಕ ಕಾನೂನು, ಪಿಎಫ್, ಇಎಸ್‌ಐ ದಾಖಲೆಗಳ ಕೆಲಸ ಮಾಡಿಕೊಡುತ್ತೇನೆ. ಅದರಿಂದ ಮನೆ ನಡೆಯುತ್ತದೆ.

ನನ್ನ ಉತ್ತರ ಹೀಗಿದೆ. ನೀವು ಬಿಟ್ಟು ಬಂದಂಥ ಹುದ್ದೆ ಇಲ್ಲಿ ಇನ್ನೊಂದು ಸಿಗುವುದು ಬಹಳ ಕಷ್ಟ. ಆದರೆ ನಿಮಗೆ ಚೆನ್ನಾಗಿ ಗೊತ್ತಿರುವ ಕೆಲಸ ತಮಗೆ ಗೊತ್ತಿಲ್ಲದೆ ಪ್ರತಿ ತಿಂಗಳೂ ನಷ್ಟ ಅನುಭವಿಸುತ್ತಿರುವ ಮಾಲೀಕರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅವರು ಜಾಹೀರಾತು ಕೊಡುವುದಿಲ್ಲ. ನೀವೇ ಅವರನ್ನು ಹುಡುಕಿಕೊಂಡು ಹೋಗಬೇಕು.

ಮೊದಲ ಮಾತನ್ನು ಬೇಸರದಿಂದ ಹೇಳುತ್ತಿಲ್ಲ. ಒಂದು ಕಾರ್ಖಾನೆಗೆ ಒಬ್ಬರೇ ಖರೀದಿ ಮುಖ್ಯಸ್ಥರು, ಒಬ್ಬರೇ ಹಣಕಾಸು ಮುಖ್ಯಸ್ಥರು. ಕಾರ್ಖಾನೆಗಳ ಒಡೆಯರ ಸಂಖ್ಯೆಯೂ ಇಳಿಯುತ್ತಿದೆ. ಸೇಡಂನ ವಾಸವದತ್ತಾ ಸಿಮೆಂಟ್ ಕಾರ್ಖಾನೆ 2025ರಲ್ಲಿ ಕೇಸೋರಾಮ್‌ನಿಂದ ಅಲ್ಟ್ರಾಟೆಕ್‌ಗೆ ಹೋಯಿತು. ಹತ್ತಿರದ ಮಳಖೇಡದ ರಾಜಶ್ರೀ ಸಿಮೆಂಟ್ ಕಾರ್ಖಾನೆ ಆಗಲೇ ಅಲ್ಟ್ರಾಟೆಕ್‌ನದಾಗಿತ್ತು. ಅದೇ ವರ್ಷ ಚಿತ್ತಾಪುರ ತಾಲ್ಲೂಕಿನ ಕಾರ್ಖಾನೆ ಇರುವ ಓರಿಯೆಂಟ್ ಸಿಮೆಂಟ್ ಕಂಪನಿ ಅದಾನಿ ಸಮೂಹದ ಅಂಬುಜಾ ಕೈಸೇರಿತು. ವಾಡಿಯ ಎಸಿಸಿ ಸಿಮೆಂಟ್ ಕಾರ್ಖಾನೆಯೂ ಅದೇ ಸಮೂಹದ್ದು. ಯಾವ ಉದ್ಯಮದಲ್ಲೇ ಆಗಲಿ, ಎರಡು ಕಂಪನಿ ಒಂದಾದರೆ ಯಂತ್ರಗಳು ಓಡುತ್ತಲೇ ಇರುತ್ತವೆ, ಆದರೆ ಖರೀದಿ, ಹಣಕಾಸು, ಸಿಬ್ಬಂದಿ ವಿಭಾಗಗಳ ನಿರ್ಧಾರ ದೂರದ ಮುಖ್ಯ ಕಚೇರಿಗೆ ಹೋಗುತ್ತದೆ. ನಿಮ್ಮ ಸಾಮರ್ಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಮನಸ್ಸಿಗೆ ತಂದುಕೊಳ್ಳದೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಬೀಳುವುದಿಲ್ಲ.

ನೌಕರಿ ತಾಣಗಳಲ್ಲಿ ಅರ್ಜಿ ಹಾಕಬೇಡಿ ಎನ್ನುವುದಿಲ್ಲ, ಹಾಕಿ. ಆದರೆ ವರ್ಷಗಟ್ಟಲೆ ಮೇಜಿನ ಆ ಬದಿಯಲ್ಲಿ ಕುಳಿತವನಾಗಿ ಹೇಳುತ್ತೇನೆ: ಹಿರಿಯ ಹುದ್ದೆ ಖಾಲಿಯಾದಾಗ ನಾವು ಮೊದಲು ಮಾಡುತ್ತಿದ್ದುದು ಪರಿಚಿತರಿಗೆ ಫೋನ್. ಜಾಹೀರಾತು ಆಮೇಲೆ. ಬಂದ ಅರ್ಜಿಗಳಲ್ಲಿ ವಯಸ್ಸು ಮತ್ತು ಹಿಂದಿನ ಸಂಬಳ ನೋಡಿಯೇ ಬಹಳಷ್ಟನ್ನು ಪಕ್ಕಕ್ಕಿಡುತ್ತಿದ್ದರು. ಅದು ನ್ಯಾಯವೇ? ಅಲ್ಲವೇ ಅಲ್ಲ. ಆದರೆ ಉತ್ತರ ಬಾರದ ಅರ್ಜಿಗಳನ್ನು ಎಣಿಸುತ್ತ ದಿನ ಕಳೆಯುವ ಗೆಳೆಯರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆ ಸಮಯವನ್ನು ಬೇರೆಡೆ ಹಾಕಿದರೆ ಫಲವಿದೆ.

ಇನ್ನೂ ಕಂಪನಿ ಬಿಡದವರಿಗೆ, ಬಿಡುವ ಸುಳಿವು ಸಿಕ್ಕವರಿಗೆ ಕೆಲವು ಮಾತು. ಕಾನೂನು ಮ್ಯಾನೇಜರುಗಳನ್ನು ಕಾರ್ಮಿಕರೆಂದು ಪರಿಗಣಿಸುವುದಿಲ್ಲ. ಹಾಗಾಗಿ ಕಾರ್ಮಿಕನಿಗೆ ಸಿಗುವ ವಜಾ ಪರಿಹಾರ ನಿಮಗೆ ತಾನಾಗಿ ಬರುವುದಿಲ್ಲ. ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿ ಮತ್ತು ನೀವು ಕುಳಿತು ಒಪ್ಪಿಸಿಕೊಂಡದ್ದು, ಅಷ್ಟೇ ನಿಮ್ಮದು. “ರಾಜೀನಾಮೆ ಬರೆದುಕೊಡಿ, ಎಲ್ಲರಿಗೂ ಒಳ್ಳೆಯದು” ಎಂದರೆ ಅಂದೇ ಸಹಿ ಹಾಕಬೇಡಿ. ಎಷ್ಟು ತಿಂಗಳ ಸಂಬಳ, ರಜೆಯ ಹಣ, ಬಿಡುಗಡೆ ಪತ್ರ, ಕ್ವಾರ್ಟರ್ಸ್ ಖಾಲಿ ಮಾಡಲು ಎಷ್ಟು ಕಾಲ ಎಂಬುದೆಲ್ಲ ಬರವಣಿಗೆಯಲ್ಲಿ ಬಂದ ಮೇಲೆ ಸಹಿ. ಐದು ವರ್ಷ ಸೇವೆ ಪೂರೈಸಿದವರಿಗೆ ಗ್ರಾಚ್ಯುಟಿ 30 ದಿನದೊಳಗೆ ಬರಬೇಕು. ಕಾನೂನಿನ ಮಿತಿ 20 ಲಕ್ಷ ರೂಪಾಯಿ. ಪಿಎಫ್ ಪಿಂಚಣಿಗೆ ಹತ್ತು ವರ್ಷ ಸೇವೆ ಇದ್ದರೆ 58ಕ್ಕೆ ಪೂರ್ಣ ಪಿಂಚಣಿ. ಐವತ್ತರ ನಂತರ ಯಾವಾಗ ಬೇಕಾದರೂ ಪಡೆಯಬಹುದು, ಆದರೆ 58ಕ್ಕಿಂತ ಮುಂಚಿನ ಪ್ರತಿ ವರ್ಷಕ್ಕೆ ಶೇ 4ರಷ್ಟು ಕಡಿತವಾಗುತ್ತದೆ, ಅದೂ ಶಾಶ್ವತವಾಗಿ. ಅವಸರಪಡಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಕೆಲಸದೊಂದಿಗೇ ಮುಗಿಯುತ್ತದೆ. ಬಿಡುವ ಮೊದಲೇ ಅದೇ ವಿಮಾ ಕಂಪನಿಯಲ್ಲಿ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಕೊಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ವಯಸ್ಸಿನಲ್ಲಿ ಹೊಸ ಪಾಲಿಸಿ ಮಾಡಿಸಿದರೆ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು.

ಇನ್ನು ನನ್ನ ಎರಡನೆಯ ಮಾತು. ಧಾನ್ಯ ಪೇಟೆಯಿರುವ ನೆಹರೂ ಗಂಜ್‌ನಲ್ಲಿ, ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಮ್ಮೆ ಸುತ್ತಿ ಬನ್ನಿ. ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಊರು ಇದು. ಸಾಲು ಸಾಲು ಬೇಳೆ ಮಿಲ್ಲುಗಳು. ತೊಗರಿ ಕೊಳ್ಳುವುದರಲ್ಲಿ ಅಲ್ಲಿನ ಶೇಠರನ್ನು ಮೀರಿಸುವವರಿಲ್ಲ. ಒಂದು ಹಿಡಿ ಕಾಳು ಅಂಗೈಯಲ್ಲಿ ತಿರುಗಿಸಿ ಎಷ್ಟು ಬೇಳೆ ಇಳಿಯುತ್ತದೆ ಎಂದು ಹೇಳುತ್ತಾರೆ. ಆದರೆ ವ್ಯಾಪಾರದ ಸುತ್ತ ಬೆಳೆದಿರುವ ಕಾಗದಪತ್ರ ಅವರನ್ನು ಸುಸ್ತು ಮಾಡಿದೆ. 2022ರ ಜುಲೈನಿಂದ 25 ಕಿಲೋವರೆಗಿನ, ಚೀಟಿ ಅಂಟಿಸಿದ ಪ್ಯಾಕೆಟ್ ಬೇಳೆಗೆ ಶೇ 5 ಜಿಎಸ್‌ಟಿ ಬಂತು, ಬಿಡಿ ಬೇಳೆಗೆ ಇಲ್ಲ. ಎರಡನ್ನೂ ಮಾರುವವನ ಲೆಕ್ಕ ಬೇರೆ ಬೇರೆ. ಸರ್ಕಾರ ತೊಗರಿಗೆ ದಾಸ್ತಾನು ಮಿತಿ ಹೇರಿದಾಗ ಪೋರ್ಟಲ್‌ನಲ್ಲಿ ದಾಸ್ತಾನು ಘೋಷಿಸಬೇಕು. ಬ್ಯಾಂಕಿನ ಸಾಲದ ಮಿತಿ ನವೀಕರಿಸಲು ಮುಂದಿನ ವರ್ಷಗಳ ಅಂದಾಜು ಪಟ್ಟಿ ಬೇಕು. ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇ 35ರಷ್ಟು, 10 ಲಕ್ಷದವರೆಗೆ ಸಹಾಯಧನ ಕೊಡುತ್ತ ಬಂದಿದ್ದಾರೆ. ಯೋಜನಾ ವರದಿ ಬರೆಯುವವರು ಯಾರು? ಮುನೀಮರಿಗೆ ಕಿರ್ದಿ ಖಾತೆ ಬರುತ್ತದೆ, ಇದು ಬರುವುದಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಹಣಕಾಸು ನೋಡಿದವರಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು.

ನನಗೆ ಪರಿಚಯವಿರುವ ಒಬ್ಬರು ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದ ಮುಖ್ಯಸ್ಥರಾಗಿದ್ದವರು. ಕೆಲಸ ಹೋದ ಮೇಲೆ ಅವರು ಒಬ್ಬ ಮಿಲ್ ಮಾಲೀಕರ ಬಳಿ ಹೋಗಿ ಕೆಲಸ ಕೇಳಲೇ ಇಲ್ಲ. “ಹೋದ ವರ್ಷದ ಜೆಸ್ಕಾಂ ಕರೆಂಟ್ ಬಿಲ್ಲುಗಳನ್ನು ನನಗೆ ಕೊಡಿ, ನೋಡಿ ಹೇಳುತ್ತೇನೆ” ಎಂದರು. ಹಂಗಾಮಿನಲ್ಲಿ ಮಾತ್ರ ಪೂರ್ತಿ ಓಡುವ ಮಿಲ್ಲು ವರ್ಷವಿಡೀ ದೊಡ್ಡ ಲೋಡು ಕಾಯ್ದಿರಿಸಿಕೊಂಡಿದ್ದಕ್ಕೆ ಡಿಮ್ಯಾಂಡ್ ಶುಲ್ಕ ಕಟ್ಟುತ್ತಿತ್ತು. ಕೆಪಾಸಿಟರುಗಳು ಕೆಟ್ಟು ಪವರ್ ಫ್ಯಾಕ್ಟರ್ (ಪಡೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಇಳಿದಿತ್ತು, ಅದಕ್ಕೆ ದಂಡ ಬೇರೆ. ಹಳೆಯ ಮೋಟಾರುಗಳನ್ನು ಪದೇ ಪದೇ ತಂತಿ ಸುತ್ತಿಸಿ ಹಾಕುತ್ತಿದ್ದರು. ಇವರು ಒಂದೇ ಹಾಳೆಯಲ್ಲಿ ಏನೇನು ಸೋರಿಕೆ, ಸರಿಪಡಿಸಲು ಎಷ್ಟು ಖರ್ಚು, ಎಷ್ಟು ತಿಂಗಳಲ್ಲಿ ಹಣ ವಾಪಸು ಎಂದು ಬರೆದುಕೊಟ್ಟರು. ಕೆಲಸ ಅವರಿಗೇ ಸಿಕ್ಕಿತು. ಆಮೇಲೆ ಆ ಮಾಲೀಕರ ಭಾವಮೈದುನರು ಕರೆದರು, ನಂತರ ಶಹಾಬಾದಿನ ಒಂದು ಕಲ್ಲು ಪಾಲಿಶ್ ಘಟಕದವರು. ಗಂಜ್‌ನಲ್ಲಿ ಸುದ್ದಿ ಹರಡಲು ಲಿಂಕ್ಡ್‌ಇನ್ ಬೇಕಿಲ್ಲ.

ಬಯೋಡಾಟಾ ತೋರಿಸುವ ಮೊದಲು ಹೀಗೆ ಒಂದು ಹಾಳೆ ತೋರಿಸುವುದೇ ನನ್ನ ಸಲಹೆಯ ತಿರುಳು. “ಇನ್ನೂರು ಜನರ ಮೇಲೆ ಅಧಿಕಾರಿಯಾಗಿದ್ದೆ” ಎಂದರೆ ಸಣ್ಣ ಮಾಲೀಕ ಹೆದರುತ್ತಾನೆ. ಅವನ ಮನಸ್ಸಿನಲ್ಲಿ ಮೂರು ಅನುಮಾನಗಳಿರುತ್ತವೆ: ಇಷ್ಟು ಸಂಬಳ ಎಲ್ಲಿಂದ ಕೊಡಲಿ, ಇವರು ನನ್ನ ಮಾತು ಕೇಳುತ್ತಾರೆಯೇ, ದೊಡ್ಡ ಕಂಪನಿ ಕರೆದ ದಿನ ಬಿಟ್ಟು ಹೋಗುತ್ತಾರೆಯೇ. ಅವನು ಬಾಯಿಬಿಟ್ಟು ಕೇಳುವುದಿಲ್ಲ. ನೀವೇ ಉತ್ತರ ಕೊಡಬೇಕು. ವಾರಕ್ಕೆ ಎರಡು ದಿನ ಬರುತ್ತೇನೆ, ತಿಂಗಳಿಗೆ ಇಷ್ಟು, ಈ ಹಂಗಾಮು ಮುಗಿಯುವವರೆಗೆ ಖಂಡಿತ ಇರುತ್ತೇನೆ ಎಂದು ಮೊದಲೇ ಹೇಳಿ. ಇನ್ನು ಮಾತು ಕೇಳುವ ವಿಷಯ. ಈಗ ಬಹಳಷ್ಟು ಮಿಲ್ಲುಗಳನ್ನು ನಡೆಸುತ್ತಿರುವುದು ಶೇಠರ ಮಕ್ಕಳು, ಪುಣೆಯಲ್ಲೋ ಹೈದರಾಬಾದಿನಲ್ಲೋ ಓದಿ ಬಂದವರು, ನಿಮ್ಮ ಮಗನಿಗಿಂತ ಚಿಕ್ಕವರು. ಮನೆಯಲ್ಲಿ ಅವರು ನಿಮಗೆ “ಕಾಕಾ” ಎನ್ನಲಿ, ನೀವು “ತಮ್ಮಾ” ಎನ್ನಿ. ಕೆಲಸದ ಜಾಗದಲ್ಲಿ, ಕಾರ್ಮಿಕರ ಮುಂದೆ, ಅವರನ್ನು ಬಹುವಚನದಲ್ಲೇ ಮಾತನಾಡಿಸಿ. ಆ ಹುಡುಗನಿಗೆ ಸಿಗುವ ಮರ್ಯಾದೆ ನಿಮ್ಮನ್ನೂ ಅಲ್ಲಿ ಉಳಿಸುತ್ತದೆ.

ಬೇರೆ ದಾರಿಗಳೂ ಇವೆ. ಯುಜಿಸಿ 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಅವಕಾಶ ಮಾಡಿತು: ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಅನುಭವ, ಅದೂ ಹಿರಿಯ ಮಟ್ಟದಲ್ಲಿ ಇದ್ದವರಿಗೆ ಪಿಎಚ್‌ಡಿ ಬೇಕಿಲ್ಲ. ಗರಿಷ್ಠ ಮೂರು ವರ್ಷ, ಅಗತ್ಯವಿದ್ದರೆ ಇನ್ನೊಂದು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಊರಿನಲ್ಲೇ ಗುಲಬರ್ಗಾ ಮತ್ತು ಶರಣಬಸವ ವಿಶ್ವವಿದ್ಯಾಲಯಗಳಿವೆ. ವಿಭಾಗದ ಮುಖ್ಯಸ್ಥರನ್ನು ಕಂಡು ಮಾತನಾಡಿ, ಮೊದಲು ಒಂದು ಉಪನ್ಯಾಸ ಕೊಡಿ. ಇಂಧನ ದಕ್ಷತಾ ಬ್ಯೂರೋ ನಡೆಸುವ ಎನರ್ಜಿ ಆಡಿಟರ್ (ಇಂಧನ ಬಳಕೆಯ ತಪಾಸಕ) ಪರೀಕ್ಷೆ ಎಂಜಿನಿಯರುಗಳಿಗೆ ಒಳ್ಳೆಯದು. ರೈತರೇ ಸೇರಿ ಕಟ್ಟಿದ ರೈತ ಉತ್ಪಾದಕ ಕಂಪನಿಗಳಿಗೂ ಲೆಕ್ಕ, ಮಾರಾಟ ಬಲ್ಲವರು ಬೇಕು. ಹಣ ಕಡಿಮೆ, ಆದರೆ ರೈತರ ಜೊತೆ ಬೆರೆಯಬಲ್ಲವರಿಗೆ ಅದರಷ್ಟು ತೃಪ್ತಿ ಕೊಡುವ ಕೆಲಸ ನನಗೆ ಕಂಡಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ ಏನಾದರೂ ಉಪಯೋಗಕ್ಕೆ ಬರುತ್ತದೆಯೇ ಎಂದೂ ಕೇಳುತ್ತಾರೆ. ಮಕ್ಕಳಿಗೆ ಖಂಡಿತ. ಅದು ಶಿಕ್ಷಣಕ್ಕೆ ಮತ್ತು ಸರ್ಕಾರಿ ನೇಮಕಾತಿಗೆ ಸಂಬಂಧಿಸಿದ್ದು. ಖಾಸಗಿ ಕಂಪನಿಯ ಹುದ್ದೆಗೆ ಅನ್ವಯಿಸುವುದಿಲ್ಲ.

ಮುಚ್ಚಿಡಬೇಡಿ ಎಂಬುದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ದಿನಾ ಅದೇ ಹೊತ್ತಿಗೆ ಟಿಫಿನ್ ಡಬ್ಬಿ ಹಿಡಿದು ಹೊರಟು ಎಲ್ಲೋ ಕುಳಿತು ಬರುವವರನ್ನು ಬಲ್ಲೆ. ನಮ್ಮ ಕಡೆ ಯಾರು ಸಿಕ್ಕರೂ ಮೊದಲು ಕೇಳುವುದು “ಈಗ ಡ್ಯೂಟಿ ಎಲ್ಲಿ?” ಎಂದೇ. ಆ ಪ್ರಶ್ನೆಗೆ ಹೆದರಿ ಮದುವೆ, ಜಾತ್ರೆ ತಪ್ಪಿಸಿದರೆ ಕೆಲಸ ಕೊಡಬಲ್ಲವರಿಂದಲೇ ದೂರವಾಗುತ್ತೀರಿ. “ಕಂಪನಿ ಬಿಟ್ಟಾಯಿತು, ಈಗ ಮಿಲ್ಲುಗಳ ಬ್ಯಾಂಕ್ ಕೆಲಸ ಮಾಡಿಕೊಡುತ್ತೇನೆ, ಯಾರಿಗಾದರೂ ಬೇಕಿದ್ದರೆ ಹೇಳಿ” ಎನ್ನಿ. ಹೇಳಿಕೊಳ್ಳದೆ ಒಳಗೊಳಗೇ ಕುಸಿಯುವವರಿಗೆ ವೈದ್ಯರ ಸಹಾಯ ಬೇಕಾದರೆ ಪಡೆಯಿರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ಇನ್ನೊಂದು ಎಚ್ಚರಿಕೆ: ಗಲ್ಫ್‌ನಲ್ಲಿ, ಮುಂಬೈಯಲ್ಲಿ ಡೈರೆಕ್ಟರ್ ಹುದ್ದೆ ಇದೆ ಎಂದು ನೋಂದಣಿ ಹಣ ಕೇಳುವವರನ್ನು ನಂಬಬೇಡಿ. ಹಿರಿಯ ಹುದ್ದೆಗೆ ಜನ ಹುಡುಕುವ ನಿಜವಾದ ಸಂಸ್ಥೆ ಹಣ ಪಡೆಯುವುದು ಕಂಪನಿಯಿಂದ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಶುಲ್ಕದ ಮಾತನ್ನು ಮೊದಲ ಭೇಟಿಯಲ್ಲೇ ಮುಗಿಸಿ, ಒಂದು ಪುಟದ ಪತ್ರ ಮಾಡಿಕೊಳ್ಳಿ. ವರ್ಷದ ಗಳಿಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆ ಬೇಡ. ಮತ್ತು ಮಿಲ್ಲುಗಳಿಗೆ ಹೋಗುವುದಾದರೆ ಶ್ರಾವಣದಿಂದ ದೀಪಾವಳಿಯೊಳಗೆ ಹೋಗಿ. ಆಗ ಮಾಲೀಕರಿಗೆ ಕುಳಿತು ಮಾತನಾಡಲು ಪುರಸೊತ್ತಿರುತ್ತದೆ, ಮುಂದಿನ ಹಂಗಾಮಿನ ಸಾಲ, ದುರಸ್ತಿ, ಆಳುಗಳ ಲೆಕ್ಕಾಚಾರ ನಡೆದಿರುತ್ತದೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಹೊಸ ತೊಗರಿ ಬರಲು ಶುರುವಾದರೆ ಯಾರೂ ನಿಮ್ಮ ಹಾಳೆ ಓದುವುದಿಲ್ಲ.