ಮಜ್ಜಿಗೆ ಮಾರುವ ಹುಡುಗ ಓಡಿದ ಹೊತ್ತು

ಕಳೆದ ಭಾನುವಾರದಿಂದ ಒಂದು ಮಾತು ನನ್ನ ಬೆನ್ನು ಬಿಟ್ಟಿಲ್ಲ. ಪಕ್ಕದ ಮನೆಯ ಅಕ್ಕ ಟಿವಿಯ ಎದುರು ಚಾಪೆಯ ಮೇಲೆ ಕುಳಿತು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, ನನ್ನ ಕಡೆ ತಿರುಗದೆಯೇ ಹೇಳಿದ ಮಾತು ಅದು: "ಆ ಮಗು ಓಡಿತಲ್ಲಮ್ಮ, ಅಷ್ಟು ಸಾಲದಾ?" ನಾನು ಕೇಳಿದ್ದು ಕೇಳಬಾರದ ಪ್ರಶ್ನೆ. ಬಾಯಿಂದ ಹೊರಬಿದ್ದ ಕ್ಷಣದಲ್ಲೇ ಅದು ನನಗೆ ಗೊತ್ತಾಗಿತ್ತು. ಆದರೆ ಅಂಥ ಉತ್ತರ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಆಗಸ್ಟ್ 29ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕ ಚರ್ಚಿನಲ್ಲಿ ಮಾತೆ ಮೇರಿಯ ಹಬ್ಬದ ಧ್ವಜ ಏರಿತೆಂದರೆ, ಸೆಪ್ಟೆಂಬರ್ 8ರ ತೇರಿನವರೆಗೂ ಅಕ್ಕನ ಮನೆಯ ದಿನಚರಿಯೇ ಬೇರೆ. ಕಾವಿ ಸೀರೆ, ಬೆಳಗಿನ ಬಲಿಪೂಜೆ ಎಂಬ ಮಾಸ್, ಸಂಜೆ ಒಂಬತ್ತು ದಿನ ನಡೆಯುವ ನೊವೇನ ಪ್ರಾರ್ಥನೆ, ರಾತ್ರಿ ಮನೆಮಂದಿಯೆಲ್ಲ ಕೂತು ಹೇಳುವ ಜಪಸರ. ಈ ದಿನಗಳ ನಡುವೆ ಒಂದು ಮಧ್ಯಾಹ್ನವನ್ನು ಅವರು ತಮಿಳುನಾಡಿನ ಕಡಲತೀರದ ಯಾತ್ರಾಸ್ಥಳ ವೇಲಾಂಕಣ್ಣಿಯ ಮಾತೆ ಮೇರಿಯ ಮೇಲೆ 1971ರಲ್ಲಿ ಬಂದ ತಮಿಳು ಚಿತ್ರ 'ಅನ್ನೈ ವೇಲಾಂಕಣ್ಣಿ'ಗೆ ಎತ್ತಿಡುತ್ತಾರೆ. ಜೆಮಿನಿ ಗಣೇಶನ್, ಪದ್ಮಿನಿ, ಜಯಲಲಿತಾ ಇರುವ ಆ ಚಿತ್ರವನ್ನು ಅವರು ಮೊದಲು ನೋಡಿದ್ದು ಕೋಲಾರದ ಚಿನ್ನದ ಗಣಿಯಲ್ಲಿ, ಮದುವೆಯಾದ ಹೊಸದರಲ್ಲಿ. ಅಂದಿನಿಂದ ಎಷ್ಟು ಸಲ ನೋಡಿದ್ದಾರೋ ಅವರಿಗೇ ಲೆಕ್ಕವಿಲ್ಲ. ಈ ವರ್ಷ ನನ್ನನ್ನೂ, ರಜೆಗೆಂದು ನಮ್ಮ ಮನೆಗೆ ಬಂದಿದ್ದ ನನ್ನ ತಂಗಿಯ ಮಗನನ್ನೂ ಕರೆದರು.

ವೇಲಾಂಕಣ್ಣಿಯ ಐತಿಹ್ಯದಲ್ಲಿ ಮೂರು ಪವಾಡಗಳಿವೆ. ಹಾಲು ಒಯ್ಯುತ್ತಿದ್ದ ಹುಡುಗನಿಗೆ ಕೊಳದ ಬಳಿ ಮಗುವನ್ನೆತ್ತಿಕೊಂಡ ತಾಯಿಯೊಬ್ಬಳು ಕಾಣಿಸಿಕೊಂಡದ್ದು ಒಂದು. ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು ಮಾತೆಯ ಜನ್ಮದಿನವಾದ ಸೆಪ್ಟೆಂಬರ್ 8ರಂದೇ ದಡ ಸೇರಿದ್ದು ಇನ್ನೊಂದು. ಇವೆರಡರ ನಡುವಿನದು ನಡುತಿಟ್ಟು ಎಂಬ ಜಾಗದ ಕಥೆ. ಬಡ ವಿಧವೆಯೊಬ್ಬಳ ಮಗ, ನಡೆಯಲಾರದ ಹುಡುಗ, ಆಲದ ಮರದ ನೆರಳಲ್ಲಿ ಕುಳಿತು ದಾರಿಹೋಕರಿಗೆ ಮಜ್ಜಿಗೆ ಮಾರುತ್ತಿರುತ್ತಾನೆ. ಕಂಕುಳಲ್ಲಿ ಕೂಸಿರುವ ತಾಯಿ ಬಂದು ಕೂಸಿಗೆ ಮಜ್ಜಿಗೆ ಕೇಳುತ್ತಾಳೆ. ಅವನು ಕೊಡುತ್ತಾನೆ. ನಾಗಪಟ್ಟಣಕ್ಕೆ ಹೋಗಿ ಅಲ್ಲಿನ ಶ್ರೀಮಂತನೊಬ್ಬನಿಗೆ ತನಗೊಂದು ಗುಡಿ ಕಟ್ಟಿಸಲು ಹೇಳೆಂದು ಆಕೆ ಹೇಳುತ್ತಾಳೆ. ನಡೆಯಲಾಗದ ತಾನು ಹೇಗೆ ಹೋಗಲಿ ಎಂದು ಯೋಚಿಸುತ್ತಲೇ ಎದ್ದ ಹುಡುಗ ನಾಗಪಟ್ಟಣದ ದಾರಿ ಹಿಡಿದು ಓಡುತ್ತಾನೆ. ಮೂರರಲ್ಲಿ ಈ ಕಥೆಯೇ ನನಗೆ ಹೆಚ್ಚು ಹತ್ತಿರವಾದದ್ದು, ಏಕೆಂದರೆ ಇದರಲ್ಲಿ ಹುಡುಗ ಏನನ್ನೂ ಬೇಡುವುದಿಲ್ಲ. ಕೇಳುವವಳು ತಾಯಿ, ಕೊಡುವವನು ಅವನು.

ಆ ಭಾಗ ಬರುವ ಹೊತ್ತಿಗೆ ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಟಿವಿಗೆ ತೀರ ಹತ್ತಿರ ಕುಳಿತರು. ಹುಡುಗ ಓಡಿದಾಗ ಅವರು ಎರಡೂ ಕೈ ಜೋಡಿಸಿ, ಯಾರೋ ನೆರೆಮನೆಯ ಮಗುವಿನ ಸುದ್ದಿ ಹೇಳುವವರಂತೆ ಸಂಭ್ರಮದಿಂದ, "ಓಡಿಟ್ಟಾನ್ ಪಾರು, ಓಡಿಟ್ಟಾನ್" ಎಂದು ತಮಿಳಿನಲ್ಲಿ ಹೇಳಿದರು, ಓಡಿಬಿಟ್ಟ ನೋಡು ಎಂದು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ನನ್ನ ತಂಗಿಯ ಮಗ ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡುವ ಹಳೆಯ ತಂತ್ರವನ್ನು ನನಗೆ ವಿವರಿಸಲು ಬಾಯಿ ತೆರೆದ. ನಾನು ಅವನ ಮೊಣಕೈ ಅದುಮಿ ಸುಮ್ಮನಾಗಿಸಿದೆ. ಅವನು ಕೆಟ್ಟ ಹುಡುಗನಲ್ಲ. ಆದರೆ ಮನೆಗೆ ಕರೆದು ಊಟ ಬಡಿಸಿದವರ ಕಣ್ಣೀರಿನ ಮುಂದೆ ಬುದ್ಧಿವಂತಿಕೆ ತೋರಿಸಬಾರದೆಂಬುದನ್ನು ಅವನಿಗೆ ನಾವು ಯಾರೂ ಕಲಿಸಿಲ್ಲ. ಆ ತಪ್ಪು ನಮ್ಮದು.

ನನ್ನನ್ನು ಕಲಕಿದ್ದು ಸಿನಿಮಾ ಅಲ್ಲ. ಅದೇ ಕೋಣೆಯ ಮೂಲೆಯ ಕುರ್ಚಿಯಲ್ಲಿ ಅಕ್ಕನ ಮಗ ಕುಳಿತಿದ್ದರು. ಅವರಿಗೆ ಈಗ ನಲವತ್ತಾರು. ಒಂದೂವರೆ ವರ್ಷದ ಮಗುವಾಗಿದ್ದಾಗ ಬಂದ ಮೂರು ದಿನದ ಜ್ವರ ಬಲಗಾಲನ್ನು ಒಯ್ದಿತು. ಪೋಲಿಯೊ ಹನಿಯ ಮಾತು ಇನ್ನೂ ಮನೆಮನೆಗೆ ತಲುಪಿರದ ಕಾಲ ಅದು. ಆ ಕಾಲಿನ ಉದ್ದಕ್ಕೂ ಎರಡು ಉಕ್ಕಿನ ಪಟ್ಟಿಗಳು, ತೊಡೆಯ ಬಳಿಯೂ ಮೀನಖಂಡದ ಬಳಿಯೂ ಚರ್ಮದ ಬಿಗಿಪಟ್ಟಿಗಳು, ಮೊಣಕಾಲಿನ ಕೀಲಿನ ಮೇಲೆ ಜಾರಿ ಕೂರುವ ಒಂದು ಪುಟ್ಟ ಉಂಗುರ. ಎದ್ದು ಕಾಲು ನೇರವಾದಾಗ ಆ ಉಂಗುರ ಟಕ್ಕನೆ ಕೆಳಗಿಳಿದು ಕೀಲನ್ನು ಬಿಗಿಯುತ್ತದೆ; ಕುಳಿತುಕೊಳ್ಳುವಾಗ ಅದನ್ನು ಬೆರಳಿಂದ ಮೇಲೆತ್ತಬೇಕು. ನಾವು ಈ ಬೀದಿಗೆ ಬಂದು ಹದಿನೆಂಟು ವರ್ಷಗಳಾದವು. ಬೆಳಿಗ್ಗೆ ಏಳೂವರೆಗೆ ಕೇಳುವ ಆ ಟಕ್ ಸದ್ದಿನಿಂದಲೇ ಅವರು ಕೆಲಸಕ್ಕೆ ಹೊರಟರೆಂದು ನಮಗೆ ತಿಳಿಯುವುದು.

ಅಕ್ಕ ಅವರನ್ನು ಹೊತ್ತು ಮೂರು ಸಲ ವೇಲಾಂಕಣ್ಣಿಗೆ ಹೋಗಿದ್ದರೆಂಬುದು ನನಗೆ ಗೊತ್ತಿತ್ತು. ಗಂಡ ಗಣಿಯ ಒಳಗಿಳಿದು ದುಡಿದ ಹಣದಲ್ಲಿ ಉಳಿಸಿ, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು, ಬಸಿಲಿಕದಿಂದ ಮಾತೆಯ ಕೊಳದ ಕಡೆಗೆ ಹೋಗುವ ಮರಳು ದಾರಿಯನ್ನು ಮಂಡಿಯಲ್ಲಿ ಸವೆಸಿದ ತಾಯಿ ಅವರು. ಎರಡನೆಯ ಸಲ ಬೆಳ್ಳಿಯ ಒಂದು ಕಾಲನ್ನು ಹರಕೆ ಒಪ್ಪಿಸಿದರಂತೆ. ಅಂಗೈಯಷ್ಟು ಉದ್ದದ, ಬೆರಳುಗಳನ್ನೂ ಕೊರೆದಿದ್ದ ತೆಳ್ಳನೆಯ ತಗಡು. ಅದಕ್ಕೆಂದು ಅಕ್ಕ ತಮ್ಮ ಕಾಲುಂಗುರ ಕೊಟ್ಟಿದ್ದರು. ಬೇಡಿದ್ದು ಆಗಲಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಮಾರಿಕುಪ್ಪಂ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಬಂದುಹೋಗುವವರ ಗುಂಪಿಗೆ ಮಗನೂ ಸೇರಿದರು, ಕೊನೆಗೆ ಎಲ್ಲರೂ ಇಲ್ಲೇ ನೆಲೆಯೂರಿದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಕೇಳಿದೆ: "ಅಕ್ಕ, ಇದನ್ನು ನೋಡುವಾಗ ನಿಮಗೆ ನೋವಾಗುವುದಿಲ್ಲವೇ?" ಮಗನ ಎದುರೇ ಕೇಳಿದೆ. ಆಗ ಅವರು ಹೇಳಿದರು: "ಆ ಮಗು ಓಡಿತಲ್ಲಮ್ಮ, ಅಷ್ಟು ಸಾಲದಾ?"

ಆ ಮಾತಿನಲ್ಲಿ ಸಮಾಧಾನಪಡಿಸಿಕೊಳ್ಳುವ ದನಿ ಇತ್ತೇ ಎಂದು ಈ ವಾರವೆಲ್ಲ ನೆನಪಿಸಿಕೊಂಡು ನೋಡಿದ್ದೇನೆ. ಇರಲಿಲ್ಲ. ಇವಳಿಗೆ ಇಷ್ಟೂ ತಿಳಿಯದೇ ಎಂಬ ಸಣ್ಣ ಆಶ್ಚರ್ಯ ಮಾತ್ರ ಇತ್ತು. ಪವಾಡದ ಚಿತ್ರಗಳೆಂದರೆ ಜನರ ಆಸೆಯನ್ನು ಕೆರಳಿಸಿ ಹಣ ಮಾಡುವ ಸರಕೆಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ಮನೆಯಲ್ಲಿ ಅಮ್ಮ 'ಭಕ್ತ ಕುಂಬಾರ' ನೋಡುತ್ತ ಅಳುತ್ತಿದ್ದುದು ನೆನಪಿದೆ. ಭಕ್ತಿಯಲ್ಲಿ ಮೈಮರೆತ ಗೋರ ಮಣ್ಣು ತುಳಿಯುತ್ತ ತನ್ನದೇ ಕೂಸನ್ನು ತುಳಿದುಬಿಡುವ ಕಥೆ ಯಾರಿಗೆ ಗೊತ್ತಿಲ್ಲ? ಅಮ್ಮ ಅಳುತ್ತಿದ್ದುದು ಕೂಸು ಸತ್ತದ್ದಕ್ಕೆ ಎಂದುಕೊಂಡಿದ್ದೆ. ಆದರೆ ಈಗ ಯೋಚಿಸಿದರೆ, ಅವಳ ಅಳು ಜೋರಾಗುತ್ತಿದ್ದುದು ಕೊನೆಯಲ್ಲಿ, ಕೂಸು ಮರಳಿ ಬಂದಾಗ. ನನಗಿಂತ ಮೊದಲು ಹುಟ್ಟಿ ಹನ್ನೊಂದನೆಯ ದಿನಕ್ಕೆ ತೀರಿಕೊಂಡ ಒಂದು ಗಂಡುಮಗು ನಮ್ಮ ಮನೆಯಲ್ಲಿತ್ತು. ಅಮ್ಮ ಯಾರ ಕೂಸಿಗಾಗಿ ಸಂತೋಷಪಡುತ್ತಿದ್ದಳೋ ನಾನು ಕೇಳಲೇ ಇಲ್ಲ. ಈಗ ಕೇಳಲು ಅವಳಿಲ್ಲ.

ಅಕ್ಕನ ವಿಷಯದಲ್ಲಿ ಮಾತ್ರ ನನಗೆ ಸುಳಿವು ಸಿಗಬೇಕಿತ್ತು, ಏಕೆಂದರೆ ಅದು ನನ್ನ ಕಣ್ಣೆದುರೇ ಇತ್ತು. ನನ್ನ ಮಗಳು ಚಿಕ್ಕವಳಿದ್ದಾಗ ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಬಾಗಿಲು ಬಡಿಯುತ್ತಿದ್ದವರು ಇವರೇ. ನಾನು ಅಡುಗೆಯ ನೆಪ ಹೇಳಿದರೆ ಮಗುವನ್ನು ತಾವೇ ಎತ್ತಿಕೊಂಡು ಬೂತಿಗೆ ಹೋಗಿ, ಎಡಗೈಯ ಕಿರುಬೆರಳಿನ ಶಾಯಿಯನ್ನು ನನಗೆ ತೋರಿಸಿ, ಆಮೇಲೆ ಮುಂದಿನ ಮನೆಗೆ ನಡೆಯುತ್ತಿದ್ದರು. ಹಿಂದೂ, ಮುಸ್ಲಿಂ, ಬಾಡಿಗೆಗೆ ಬಂದು ಎರಡು ತಿಂಗಳಾಗದ ಬಿಹಾರದ ಕೂಲಿಯವರ ಮಗು, ಯಾರನ್ನೂ ಬಿಟ್ಟವರಲ್ಲ. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು (ಲಸಿಕೆಯಿಂದಲ್ಲದೆ ಸಹಜವಾಗಿ ಹರಡುವ) ಪೋಲಿಯೊ ವೈರಸ್ಸಿನಿಂದ ಒಂದು ಮಗುವಿನ ಕಾಲೂ ಹೋಗಿಲ್ಲ. 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಬಂತು. ಆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅಕ್ಕ ಬೀದಿಯವರಿಗೆಲ್ಲ ಪಾಯಸ ಹಂಚಿದ್ದರು. ನಾನು ಅದನ್ನು ಯಾವುದೋ ಹಬ್ಬದ್ದೆಂದುಕೊಂಡು ಕುಡಿದಿದ್ದೆ.

ಎಲ್ಲವೂ ಇಷ್ಟು ಸರಳವಾಗಿ ನನ್ನೊಳಗೆ ಇಳಿದಿದೆ ಎಂದು ಹೇಳಲಾರೆ. 2004ರ ಡಿಸೆಂಬರ್ 26ರಂದು, ಕ್ರಿಸ್ಮಸ್ಸಿನ ಮಾರನೆಯ ಬೆಳಿಗ್ಗೆ, ಕಡಲು ವೇಲಾಂಕಣ್ಣಿಯ ದಡದಲ್ಲಿದ್ದ ಯಾತ್ರಿಕರ ಮೇಲೆ ಎರಗಿತು. ಬಸಿಲಿಕದೊಳಗೆ ಇದ್ದವರು ಉಳಿದರು, ಮರಳಿನ ಮೇಲಿದ್ದವರು ನೂರಾರು ಸಂಖ್ಯೆಯಲ್ಲಿ ಹೋದರು. ನಾವಿಕರನ್ನು ದಡ ಮುಟ್ಟಿಸಿದ ತಾಯಿ ಅದೇ ದಡದಲ್ಲಿದ್ದ ಮಕ್ಕಳನ್ನೇಕೆ ಉಳಿಸಲಿಲ್ಲ ಎಂಬ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ಮತ್ತು ದೇವಾಲಯ ಉಳಿದದ್ದನ್ನೇ ಪವಾಡವೆಂದು ಹೇಳುವವರ ಮಾತು ನನಗೆ ಹಿಡಿಸುವುದೂ ಇಲ್ಲ. ಅಕ್ಕನೊಡನೆ ಹಿಂದೊಮ್ಮೆ ಇದನ್ನು ಎತ್ತಿದ್ದೆ. ಅವರು ವಾದಿಸಲಿಲ್ಲ. ಆ ಡಿಸೆಂಬರಿನಿಂದ ಪ್ರತಿ ವರ್ಷ 26ರಂದು ತಾವು ಮೇಣದಬತ್ತಿ ಹಚ್ಚುವುದು ಅವರಿಗಾಗಿಯೇ ಎಂದರು, ಅಷ್ಟೇ. ಓಡಿದ ಮಗುವಿಗಾಗಿ ಸಂತೋಷಪಡುವವರಿಗೆ ಓಡಲಾರದೆ ಹೋದವರೂ ತಮ್ಮವರೇ ಎಂದು ಆ ದಿನ ನನಗೆ ಹೊಳೆಯಲಿಲ್ಲ.

'ಅನ್ನೈ ವೇಲಾಂಕಣ್ಣಿ'ಗೆ ಸಂಗೀತ ಕೊಟ್ಟವರು ಜಿ. ದೇವರಾಜನ್, ಕೇರಳದ ಎಡಪಂಥೀಯ ನಾಟಕ ತಂಡ ಕೆಪಿಎಸಿಯ ಹಾಡುಗಳಿಂದ ಹೆಸರಾದವರು. ಇಂದಿಗೂ ಅದರ ಹಾಡುಗಳು ಹಬ್ಬದ ಮೈಕುಗಳಲ್ಲಿ ಕೇಳಿಸುತ್ತವೆ. ಯಾರ ನಂಬಿಕೆಗೆ ಯಾರು ದನಿಯಾಗುತ್ತಾರೋ ಹೇಳಲು ಬಾರದು.

ಮತ್ತೆ ಅದೇ ಕೋಣೆಗೆ ಬರುತ್ತೇನೆ. ಅಕ್ಕ ಆ ಮಾತು ಹೇಳಿದ ಮೇಲೆ ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಮೂಲೆಯ ಕುರ್ಚಿಯ ಕಡೆ ನೋಡಿದೆ. ಅಕ್ಕನ ಮಗನ ಮುಖದಲ್ಲಿ ಮುಜುಗರವಾಗಲಿ ಕಹಿಯಾಗಲಿ ಇರಲಿಲ್ಲ. ತಾಯಿಯನ್ನು ಒಮ್ಮೆ ನೋಡಿದರು, ತೊಡೆಯ ಮೇಲಿದ್ದ ರಿಮೋಟನ್ನು ಎತ್ತಿಕೊಂಡರು, ಯಾರೂ ಹೇಳದೆಯೇ ಚಿತ್ರವನ್ನು ಹಿಂದಕ್ಕೆ ಓಡಿಸಿದರು. ಪರದೆಯ ಮೇಲೆ ಆ ಹುಡುಗ ತಿರುಗಿ ನೆಲದ ಮೇಲೆ ಕುಳಿತುಕೊಂಡ. ಒಂದು ಕ್ಷಣ ಹಾಗೆಯೇ ನಿಲ್ಲಿಸಿ, ಅಕ್ಕ ಕಣ್ಣೊರೆಸಿಕೊಂಡು ಸರಿಯಾಗಿ ಕೂರುವವರೆಗೆ ಕಾದು, "ಪಾರ್ಮ್ಮಾ" ಎಂದು ಮತ್ತೆ ಒತ್ತಿದರು.