ಧರೆಯ ಜೇಡಗಳು: ಆರಿದ್ರಾ ಮಳೆಯ ಲೆಕ್ಕ

ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಸೊಪ್ಪಿನಬೆಟ್ಟದ ದಾರಿಯ ಧರೆಯಲ್ಲಿ, ಅಂದರೆ ಪಕ್ಕದ ಕಡಿದಾದ ಮಣ್ಣಿನ ಗೋಡೆಯಲ್ಲಿ, ಎರಡನೇ ಸುತ್ತಿನ ಎಣಿಕೆ ಮುಗಿಯಿತು. ಒಟ್ಟು 31 ಜೇಡದ ಬಿಲ. ಬೇಸಿಗೆಯಲ್ಲಿ ಗುರುತಿಗೆ ನೆಟ್ಟಿದ್ದ ಅಡಿಕೆ ದಬ್ಬೆಯ ಕಡ್ಡಿಗಳಲ್ಲಿ ಒಂಬತ್ತು ಮಣ್ಣಿನ ಜೊತೆ ಜಾರಿವೆ, ಉಳಿದವುಗಳ ಬಣ್ಣ ತೊಳೆದುಹೋಗಿದೆ. ಈ ಸಲ ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಅಂಕಿ ಕೊರೆದು, ಬಿಲದ ಬಾಯಿಗಿಂತ ಒಂದು ಗೇಣು ಮೇಲೆ ಮರದ ಬೇರಿಗೆ ತಂತಿಯಲ್ಲಿ ಕಟ್ಟಿದ್ದೇನೆ.

ಇವು ಪಶ್ಚಿಮ ಘಟ್ಟದ ಟ್ಯಾರಂಟುಲಾಗಳು, ಮೈತುಂಬ ರೋಮವಿರುವ ದೊಡ್ಡ ಜೇಡಗಳು, ತ್ರಿಗ್ಮೋಪೀಯಸ್ ಕುಲದವು. ಬ್ರಿಟಿಷ್ ಪ್ರಾಣಿವಿಜ್ಞಾನಿ ಪೊಕಾಕ್ 1899ರಲ್ಲಿ ಹೆಸರಿಟ್ಟ ಕುಲ. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡದ ಕೋರೆಹಲ್ಲು ಇಕ್ಕಳದ ಹಾಗೆ ಎದುರುಬದುರು ಕೂಡುತ್ತವೆ. ಇವುಗಳದ್ದು ಗುದ್ದಲಿ ಏಟಿನಂತೆ ಮೇಲಿಂದ ಕೆಳಕ್ಕೆ. ಮೇ ತಿಂಗಳಲ್ಲಿ 12ನೇ ಬಿಲದ ಹೊರಗೆ ಬಿದ್ದಿದ್ದ ಪೊರೆಯನ್ನು ಅಂಗೈಯಲ್ಲಿಟ್ಟು ನೋಡಿದಾಗ ಇದು ಸರಿಯಾಗಿ ಅರ್ಥವಾಯಿತು.

ಆ 12ನೆಯದೇ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಬಾಯಿ 24 ಮಿಲಿಮೀಟರ್. ಸುತ್ತ ರೇಷ್ಮೆಯ ಅಂಚು, ಅದರಲ್ಲೇ ನೇಯ್ದ ದರಕು (ಒಣ ಎಲೆ). ಸಂಜೆ ಏಳೂವರೆಗೆ ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ಕೂತೆ. ಉಂಬಳ ಕಾಲು ಹತ್ತುತ್ತಿದ್ದರೂ ಅಲ್ಲಾಡಲಿಲ್ಲ. ಮೊದಲು ಎರಡು ಪಾದದ ತುದಿ ಅಂಚಿಗೆ ಬಂತು. ಎಲೆಯಿಂದ ಹನಿ ಬಿದ್ದಾಗ ಒಳಗೆ ಸರಿಯಿತು, ಮತ್ತೆ ಬಂತು. ಕಾಡುಜಿರಲೆಯೊಂದು ದರಕಿನ ಮೇಲೆ ಕಾಲಿಟ್ಟದ್ದಷ್ಟೇ ಗೊತ್ತು, ಮರುಕ್ಷಣ ಅಂಚು ಖಾಲಿ.

ಜೂನ್ ಮೊದಲ ವಾರ ಚರಂಡಿ ಅಗಲ ಮಾಡಲು ಬಂದ ಜೆಸಿಬಿ ಧರೆಯ ಕೆಳತುದಿಯನ್ನು ಕೆರೆಯಿತು. ಆರು ಬಿಲ ಹೋದವು. ನನಗೆ ಬಹಳ ಸಂಕಟವಾಯಿತು. ಟ್ಯಾರಂಟುಲಾ ಹೆಣ್ಣುಗಳು ವರ್ಷಗಟ್ಟಲೆ ಬಾಳುತ್ತವೆ, ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಬಿಲ ಬಿಟ್ಟು ಅಲೆದು ಬೇಗ ಸಾಯುತ್ತವೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜೇಡ ತಜ್ಞೆ ಬಾರ್ಬರಾ ಯಾರ್ಕ್ ಮೇನ್ 1974ರಿಂದ ಗುರುತು ಹಾಕಿ ಗಮನಿಸಿದ, ಬಿಲಕ್ಕೆ ಮುಚ್ಚಳ ಕಟ್ಟುವ ಜಾತಿಯ 16ನೇ ನಂಬರಿನ ಹೆಣ್ಣು 43 ವರ್ಷ ಬದುಕಿತ್ತು. ನನ್ನ ತಗಡಿನ ನಂಬರುಗಳಿಗೆ ಅದೇ ಪ್ರೇರಣೆ.

ಮರುದಿನ ಜೆಸಿಬಿಯ ಹುಡುಗನನ್ನು ಕರೆದು 12ನೆಯದನ್ನು ತೋರಿಸಿದೆ. "ಅಣ್ಣಾ, ಇದು ಕಚ್ಚೂದಿಲ್ವಾ?" ಅಂದ. ಬಿಲಕ್ಕೆ ಕೈ ಹಾಕಿದರೆ ಕಚ್ಚುತ್ತದೆ, ನಾವು ಹಾಕುವುದು ಬೇಡ ಅಂದೆ. ಉಳಿದ ಚರಂಡಿಯನ್ನು ರಸ್ತೆಯ ಆಚೆ ಬದಿಗೆ ತೆಗೆದ.

ಪುಷ್ಯ ಮಳೆಯಲ್ಲಿ ಮುಂದಿನ ಎಣಿಕೆ. 7 ಮತ್ತು 19ರ ಬಾಯಿ ರೇಷ್ಮೆಯಿಂದ ಮುಚ್ಚಿದೆ, ಅವೆರಡನ್ನು ಮುಟ್ಟದೆ ದೂರದಿಂದಲೇ ನೋಡುತ್ತೇನೆ.