ಜಾಸ್ತಿ ಗೊತ್ತಿರುವವರು ಕೀಬೋರ್ಡ್ ಮುಟ್ಟಬೇಡಿ

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಶುರುವಿನಿಂದಲೇ ಅವರನ್ನು ಜೋಡಿ ಮಾಡಿ ಕೂರಿಸುತ್ತೇನೆ. ಇಬ್ಬರಿಗೆ ಒಂದೇ ಕಂಪ್ಯೂಟರ್, ಒಂದೇ ಕೀಬೋರ್ಡ್. ಟೈಪ್ ಮಾಡುವವರು ಡ್ರೈವರ್. ಪಕ್ಕದಲ್ಲಿ ಕೂತು, ಬರೆದದ್ದನ್ನು ಓದುತ್ತಾ, ಮುಂದೇನು ಅಂತ ಯೋಚಿಸುವವರು ನ್ಯಾವಿಗೇಟರ್. ಈ ಪೇರ್ ಪ್ರೋಗ್ರಾಮಿಂಗ್ ಹೆಸರು ಮಾಡಿದ್ದು 1990ರ ದಶಕದ ಕೊನೆಯಲ್ಲಿ, ಕೆಂಟ್ ಬೆಕ್ ಅವರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನುವ ಕೆಲಸದ ಪದ್ಧತಿಯ ಜೊತೆಗೆ. ಆದರೆ 1940ರ ದಶಕದಲ್ಲಿ ಎನಿಯಾಕ್ ಕಂಪ್ಯೂಟರಿಗೆ ಪ್ರೋಗ್ರಾಂ ಮಾಡಿದ ಜೀನ್ ಬಾರ್ಟಿಕ್ ಮತ್ತು ಬೆಟ್ಟಿ ಹೋಲ್ಬರ್ಟನ್ ಕೂಡ ಜೋಡಿಯಾಗಿ ಕೂತೇ ತಲೆ ಕೆಡಿಸಿಕೊಂಡವರು.

ಕೂರಿಸುವುದೇನೋ ಸುಲಭ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕೀಬೋರ್ಡ್ ಹೆಚ್ಚು ಗೊತ್ತಿರುವವರ ಕೈ ಸೇರಿರುತ್ತದೆ. ಯಾರೂ ಕಿತ್ತುಕೊಂಡಿರುವುದಿಲ್ಲ. ‘ಇರು, ಇದೊಂದು ನಾನು ಮಾಡಿಬಿಡ್ತೀನಿ’ ಅಂತ ಶುರುವಾಗಿ ಅಲ್ಲೇ ಉಳಿದುಬಿಡುತ್ತದೆ. ಇನ್ನೊಬ್ಬರು ಹೂಂ ಹೂಂ ಅಂತ ತಲೆಯಾಡಿಸುತ್ತಿರುತ್ತಾರೆ. ಪ್ರೋಗ್ರಾಂ ಓಡುತ್ತದೆ, ಇಬ್ಬರಿಗೂ ಖುಷಿ. ಮಾರನೆಯ ದಿನ ತಲೆಯಾಡಿಸಿದವರನ್ನು ಒಬ್ಬರನ್ನೇ ಕೂರಿಸಿ, ಅದೇ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಬರೆಯಿರಿ ಅಂದರೆ ಖಾಲಿ ಪರದೆ ನೋಡುತ್ತಾ ಕೂರುತ್ತಾರೆ.

ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ: ಆ ವಿಷಯ ಜಾಸ್ತಿ ಗೊತ್ತಿರುವವರು ತಮ್ಮ ಯೋಚನೆಯನ್ನು ತಾವೇ ಟೈಪ್ ಮಾಡುವಂತಿಲ್ಲ, ಬಾಯಲ್ಲಿ ಹೇಳಬೇಕು. ಇದು ನಾನು ಕಂಡುಹಿಡಿದದ್ದಲ್ಲ. ನಿಮ್ಮ ತಲೆಯಲ್ಲಿರುವ ಯೋಚನೆ ಇನ್ನೊಬ್ಬರ ಕೈ ಮೂಲಕವೇ ಕಂಪ್ಯೂಟರಿಗೆ ಹೋಗಬೇಕು ಅನ್ನುವ ಈ ಕ್ರಮವನ್ನು ಲೆವೆಲಿನ್ ಫಾಲ್ಕೊ ಎಂಬ ಪ್ರೋಗ್ರಾಮರ್ ಪ್ರಚಾರಕ್ಕೆ ತಂದರು. ಇದಕ್ಕೆ ಸ್ಟ್ರಾಂಗ್ ಸ್ಟೈಲ್ ಪೇರಿಂಗ್ ಅಂತಾರೆ. ಕಲಿಯುವವರ ಕೈ ಪಳಗುತ್ತದೆ ಅನ್ನುವುದು ಎಲ್ಲರಿಗೂ ಕಾಣುವ ಲಾಭ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಗೊತ್ತಿರುವವರಿಗೆ ಆಗುವ ಲಾಭ. ‘ಅಲ್ಲೊಂದು ಲೂಪ್ ಹಾಕು’ ಅಂದ ತಕ್ಷಣ ಪಕ್ಕದವರು ‘ಎಲ್ಲಿಂದ ಎಲ್ಲಿವರೆಗೆ?’ ಅಂತ ಕೇಳುತ್ತಾರೆ. ಪೈಥಾನ್ ಭಾಷೆಯಲ್ಲಿ, ಎಣಿಕೆಗೆ ಬಳಸುವ ರೇಂಜ್‌ಗೆ 1 ಮತ್ತು 10 ಕೊಟ್ಟರೆ ಎಣಿಕೆ 9ಕ್ಕೇ ನಿಲ್ಲುತ್ತದೆ ಅನ್ನುವುದು ಕೈಗೆ ರೂಢಿಯಾಗಿರುತ್ತದೆ, ಬಾಯಲ್ಲಿ ಹೇಳಲು ಹೋದಾಗ ತಡವರಿಸುತ್ತಾರೆ.

ಎರಡನೆಯ ಕಟ್ಟುನಿಟ್ಟು, ಪ್ರೋಗ್ರಾಂ ಓಡಿಸಲು ರನ್ ಒತ್ತುವ ಮುಂಚೆ ಏನು ಬರುತ್ತದೆ ಅಂತ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು. ಮೊದಮೊದಲು ಇದನ್ನು ಮಕ್ಕಳಾಟ ಅಂತ ನಗುತ್ತಾರೆ. ಒಂದು ಜೋಡಿಯ ಕಥೆ ಹೇಳುತ್ತೇನೆ. ಅಂಕಗಳ ಪಟ್ಟಿಯನ್ನು ಸಾರ್ಟ್ ಮಾಡಬೇಕಿತ್ತು, ಅಂದರೆ ಕ್ರಮವಾಗಿ ಜೋಡಿಸಬೇಕಿತ್ತು, ಆದರೆ ಮೂಲ ಪಟ್ಟಿ ಇದ್ದ ಹಾಗೇ ಉಳಿಯಬೇಕು. ಹುಡುಗಿಗೆ ಕಾಲೇಜಿನಿಂದಲೇ ಪೈಥಾನ್ ಗೊತ್ತು, ಹಾಗಾಗಿ ಅವಳು ನ್ಯಾವಿಗೇಟರ್. ‘ಹಳೇ ಪಟ್ಟೀನ ಹೊಸ ಹೆಸರಿಗೆ ಹಾಕೋ, ಆ ಹೊಸದನ್ನ ಸಾರ್ಟ್ ಮಾಡು’ ಅಂದಳು. ಹುಡುಗ ಅವಳು ಹೇಳಿದ ಹಾಗೇ ಟೈಪ್ ಮಾಡಿದ. ಅವಳ ಚೀಟಿಯಲ್ಲಿ ‘ಹಳೆಯದು ಹಾಗೇ ಇರುತ್ತದೆ’ ಅಂತ ಇತ್ತು. ಅವನ ಚೀಟಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ.

ರನ್ ಮಾಡಿದರೆ ಎರಡೂ ಪಟ್ಟಿ ಸಾರ್ಟ್ ಆಗಿ ಕೂತಿದ್ದವು. ‘ಇನ್ನೊಂದ್ಸಲ ಮಾಡು’ ಅಂದಳು. (ಇದು ಎಲ್ಲರೂ ಮಾಡುವ ಕೆಲಸ, ಕಂಪ್ಯೂಟರ್ ಮನಸ್ಸು ಬದಲಾಯಿಸಬಹುದೇನೋ ಅಂತ.) ಮತ್ತೆ ಅದೇ. ಆಗ ಹುಡುಗ ಮೆಲ್ಲಗೆ ಕೇಳಿದ: ‘ನಾವು ಹೊಸ ಹೆಸರು ಕೊಟ್ವಿ ಸರಿ, ಹೊಸ ಪಟ್ಟಿ ಯಾವಾಗ ಮಾಡಿದ್ವಿ?’ ಅವಳ ಹತ್ತಿರ ಉತ್ತರ ಇರಲಿಲ್ಲ. ಗುರುತಿನ ಸಂಖ್ಯೆ ತೋರಿಸುವ ಐಡಿ ಫಂಕ್ಷನ್ ಹಾಕಿ ನೋಡಿ ಅಂದೆ. ಎರಡೂ ಹೆಸರಿಗೆ ಒಂದೇ ಸಂಖ್ಯೆ ಬಂತು. ಅಂದರೆ ಪಟ್ಟಿ ಒಂದೇ, ಹೆಸರು ಎರಡು. ಹೊಸ ಪಟ್ಟಿ ಬೇಕಾದರೆ ಕಾಪಿ ಮಾಡಬೇಕು, ಇಲ್ಲವೇ ಹೊಸ ಪಟ್ಟಿಯನ್ನೇ ಮಾಡಿಕೊಡುವ ಸಾರ್ಟೆಡ್ ಫಂಕ್ಷನ್ ಬಳಸಬೇಕು. ಅವಳೊಬ್ಬಳೇ ಕೂತಿದ್ದರೆ ನೆಟ್ಟಲ್ಲಿ ಹುಡುಕಿ ಒಂದು ಸಾಲು ತಂದು ಅಂಟಿಸಿ ಮುಂದೆ ಹೋಗಿರುತ್ತಿದ್ದಳು. ಎಐ ಸಹಾಯಕನೂ ಇದನ್ನು ಕ್ಷಣದಲ್ಲಿ ಸರಿ ಮಾಡಿಕೊಡುತ್ತದೆ. ಅದನ್ನು ಸರಿ ಮಾಡಿಕೊಡು ಅಂದರೆ ಸರಿ ಮಾಡುತ್ತದೆ, ‘ಹೊಸ ಪಟ್ಟಿ ಯಾವಾಗ ಮಾಡಿದ್ವಿ’ ಅಂತ ಕೇಳುತ್ತಾ ಕೂರುವುದಿಲ್ಲ.

ನ್ಯಾವಿಗೇಟರ್ ಆದವರಿಗೆ ಬಾಯಿ ಹಿಡಿತದಲ್ಲಿರಬೇಕು. ಕೋಲನ್ (:) ಬಿಟ್ಟುಹೋದರೆ ಪ್ರೋಗ್ರಾಂ ಬರೆಯುವ ಎಡಿಟರೇ ಕೆಂಪು ಗೆರೆ ಎಳೆಯುತ್ತದೆ, ನೀವು ‘ಅಯ್ಯೋ ಅಲ್ಲಲ್ಲ’ ಅಂತ ಮೇಲೆ ಬೀಳಬೇಕಿಲ್ಲ. ಸಾಲು ಮುಗಿಯಲಿ. ಡ್ರೈವರ್ ಸುಮ್ನೆ ಟೈಪ್ ಮಾಡುತ್ತಾ ಹೋಗಬಾರದು, ಕ್ರಿಕೆಟ್ ಕಾಮೆಂಟರಿಯ ಹಾಗೆ ಮಾಡುತ್ತಿರುವುದನ್ನು ಹೇಳುತ್ತಿರಬೇಕು. ಪಾತ್ರ ಅದಲು ಬದಲು ಮಾಡಲು ಟೈಮರ್ ಇಡಿ, ಹದಿನೈದು ಇಪ್ಪತ್ತು ನಿಮಿಷಕ್ಕೆ ಒಮ್ಮೆ. ಆ ಗಳಿಗೆಯಲ್ಲಿ ಜಾಸ್ತಿ ಗೊತ್ತಿರುವವರ ಕೈಗೆ ಕೀಬೋರ್ಡ್ ಬಂದರೆ, ಹೇಳುವ ಕೆಲಸ ಕಡಿಮೆ ಗೊತ್ತಿರುವವರದ್ದು. ಅವರು ಹೇಳದೆ ಒಂದಕ್ಷರವೂ ಬೀಳಬಾರದು. ಒಬ್ಬರು ಟೆಸ್ಟ್ (ಪ್ರೋಗ್ರಾಂ ಸರಿಯಿದೆಯೇ ಅಂತ ಪರೀಕ್ಷಿಸುವ ಕೋಡ್) ಬರೆದು ಇನ್ನೊಬ್ಬರು ಅದನ್ನು ಪಾಸ್ ಮಾಡಿಸುವ ಪಿಂಗ್ ಪಾಂಗ್ ಪದ್ಧತಿಯೂ ಇದೆ. ಟೆಸ್ಟ್ ಬರೆಯುವುದೇ ಹೊಸದಾಗಿರುವವರಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮ್ಯಾನೇಜರುಗಳ ಪ್ರಶ್ನೆ ಯಾವಾಗಲೂ ಒಂದೇ: ಒಂದು ಕೆಲಸಕ್ಕೆ ಇಬ್ಬರ ಸಂಬಳವಾ? ಸಂಶೋಧಕಿ ಲಾರಿ ವಿಲಿಯಮ್ಸ್ ಯೂಟಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಜೋಡಿಗಳು ಹೊಂದಿಕೊಂಡ ಮೇಲೆ ಇಬ್ಬರ ಸಮಯ ಸೇರಿಸಿದರೂ ಹೆಚ್ಚಾದದ್ದು ಸುಮಾರು 15%, ಎರಡರಷ್ಟಲ್ಲ. ತಪ್ಪುಗಳೂ ಕಡಿಮೆ ಇದ್ದವು. ನಾನು ಈ ಅಂಕಿ ಹೇಳಿದಾಗ ಕೆಲವರು ಒಪ್ಪುತ್ತಾರೆ, ಕೆಲವರು ‘ನೋಡೋಣ’ ಅಂತಾರೆ.

ಎಲ್ಲ ಜೋಡಿಯೂ ಹೊಂದುವುದಿಲ್ಲ. ಇಬ್ಬರ ನಡುವೆ ಅಂತರ ತೀರಾ ಜಾಸ್ತಿ ಇದ್ದರೆ ಅದು ಟ್ಯೂಷನ್ ಆಗಿಬಿಡುತ್ತದೆ, ಮಾತಾಡದ ಇಬ್ಬರು ಸೇರಿದರೆ ಮೌನವ್ರತ. ಅಂಥ ಜೋಡಿಯನ್ನು ಎಳೆದಾಡದೆ ಬದಲಾಯಿಸುತ್ತೇನೆ. ಯಾರ ತಪ್ಪು ಅಂತ ಕೇಳಲು ಹೋಗುವುದಿಲ್ಲ. ದಿನವಿಡೀ ಜೋಡಿಯಾಗಿ ಕೂರಿಸುವುದೂ ಇಲ್ಲ, ತಲೆ ಸುಸ್ತಾಗುತ್ತದೆ. ಬೆಳಗ್ಗೆ ಜೊತೆಯಲ್ಲಿ ಬರೆದದ್ದನ್ನು ಅಳಿಸಿ, ಮಧ್ಯಾಹ್ನ ಒಬ್ಬೊಬ್ಬರೇ ಮೊದಲಿನಿಂದ ಬರೆಯಬೇಕು.

ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ಗೆ ಹಾಕುವಾಗ, ಕಮಿಟ್ ಮೆಸೇಜಿನ (ಆ ಬದಲಾವಣೆಗೆ ಬರೆಯುವ ಟಿಪ್ಪಣಿ) ಕೊನೆಗೆ ಕೋ-ಆಥರ್ಡ್-ಬೈ ಅನ್ನುವ ಸಾಲು ಸೇರಿಸಿದರೆ, ಕೋಡ್ ಇಡುವ ತಾಣ ಗಿಟ್‌ಹಬ್ ಇಬ್ಬರ ಹೆಸರನ್ನೂ ತೋರಿಸುತ್ತದೆ. ಬರೆದದ್ದನ್ನು ಪರಿಶೀಲಿಸುವ ರಿವ್ಯೂಗೆ ಇಬ್ಬರೂ ಬರುತ್ತಾರೆ, ಆ ಭಾಗ ಯಾರು ಟೈಪ್ ಮಾಡಿದ್ದು ಅಂತ ಮೊದಲು ವಿಚಾರಿಸಿಕೊಂಡು, ಪ್ರಶ್ನೆಯನ್ನು ಇನ್ನೊಬ್ಬರಿಗೆ ಹಾಕುತ್ತೇನೆ.